ಹೆಲ್ಮೆಟ್ಟಿಗೆ ಕೈ ಹೋಗುವ ಮೊದಲು

ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆಯಿಂದ ಜಯದೇವ ಆಸ್ಪತ್ರೆಗೆ ಏಳೆಂಟು ಕಿಲೋಮೀಟರ್ ದೂರ. ನಡುವೆ ಕಾಳೇನ ಅಗ್ರಹಾರ, ಹುಳಿಮಾವು, ಅರಕೆರೆ, ಬಿಳೇಕಹಳ್ಳಿ, ಐಐಎಂ ಸಿಗುತ್ತವೆ. ಹೋಗಲು 365ರ ಬಸ್ಸಿದೆ, ಸ್ವಂತ ಸ್ಕೂಟರಿದೆ, ಆಟೊ ಇದೆ, ಮೊಬೈಲಿನಲ್ಲಿ ಕರೆದರೆ ಕಾರು ಬಾಗಿಲಿಗೇ ಬರುತ್ತದೆ. ಒಂದೇ ಕಟ್ಟಡದ ಮೇಲಿನ ಮನೆಯವರು ಬಸ್ಸು ಹತ್ತುತ್ತಾರೆ, ಕೆಳಗಿನ ಮನೆಯವರು ಸ್ಕೂಟರ್ ತೆಗೆಯುತ್ತಾರೆ. ಇಬ್ಬರ ಸಂಬಳ ಹೆಚ್ಚುಕಡಿಮೆ ಒಂದೇ, ಕಚೇರಿ ಒಂದೇ ಕಡೆ, ಹೊರಡುವ ಹೊತ್ತೂ ಒಂದೇ. ಹಾಗಿದ್ದೂ ಒಬ್ಬರದು ಬಸ್ಸು, ಇನ್ನೊಬ್ಬರದು ಗಾಡಿ ಆದದ್ದು ಹೇಗೆ?

ಸಾರಿಗೆ ಎಂಜಿನಿಯರುಗಳ ಬಳಿ ಇದಕ್ಕೆ ಬಹುಕಾಲದಿಂದ ಒಂದು ಉತ್ತರವಿದೆ: ಸಮಯ ಮತ್ತು ಹಣ. ಎರಡನ್ನೂ ತಕ್ಕಡಿಗೆ ಹಾಕಿದರೆ ಯಾರು ಯಾವುದನ್ನು ಹತ್ತುತ್ತಾರೆ ಎಂದು ಹೇಳಬಹುದು. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಹೊಸ ರೈಲು ಬರುತ್ತಿದ್ದಾಗ, ಶೇಕಡಾ 15ರಷ್ಟು ಜನ ಅದನ್ನು ಬಳಸುತ್ತಾರೆ ಎಂಬುದು ಸರ್ಕಾರಿ ಅಂದಾಜಾಗಿತ್ತು. ಡೇನಿಯಲ್ ಮೆಕ್‌ಫ್ಯಾಡನ್ ಎಂಬ ಅರ್ಥಶಾಸ್ತ್ರಜ್ಞ ಜನರ ಆಯ್ಕೆಗಳನ್ನು ಗಣಿತಕ್ಕೆ ಇಳಿಸಿ ಶೇಕಡಾ 6.3 ಎಂದರು. ರೈಲು ಓಡಿದ ಮೇಲೆ ಸಿಕ್ಕ ಲೆಕ್ಕ ಶೇಕಡಾ 6.2. ಆಯ್ಕೆಯ ಕುರಿತ ಅವರ ಈ ಸಿದ್ಧಾಂತಕ್ಕೆ 2000ದಲ್ಲಿ ನೊಬೆಲ್ ಬಂತು.

ಆದರೆ ಅದು ಇಡೀ ಊರಿನ ಲೆಕ್ಕ. ಒಂದು ಮನೆಯ ಒಬ್ಬ ವ್ಯಕ್ತಿ ಬೆಳಗ್ಗೆ ಎಂಟೂಕಾಲಿಗೆ ಏನು ಮಾಡುತ್ತಾನೆ ಎಂದು ಹತ್ತಿರದಿಂದ ನೋಡಿದರೆ ಅಲ್ಲಿ ತಕ್ಕಡಿ ಕಾಣುವುದಿಲ್ಲ. ತಿಂಡಿ ಮುಗಿಸುತ್ತಾನೆ, ಬ್ಯಾಗು ಹೆಗಲಿಗೇರಿಸುತ್ತಾನೆ, ಬಾಗಿಲ ಹಿಂದಿನ ಮೊಳೆಯಿಂದ ಕೀ ಗೊಂಚಲು ತೆಗೆಯುತ್ತಾನೆ, ಶೂ ಸ್ಟ್ಯಾಂಡಿನ ಮೇಲಿನ ಹೆಲ್ಮೆಟ್ಟಿಗೆ ಕೈ ಹಾಕುತ್ತಾನೆ. ಬಾಯಲ್ಲಿ ಮಗಳ ಶಾಲೆಯ ಫೀಸಿನ ಮಾತು ನಡೆದಿರುತ್ತದೆ. ಬಸ್ಸಿನ ವಿಚಾರ ಮನಸ್ಸಿಗೆ ಬಂದು ತಿರಸ್ಕಾರವಾಯಿತೇ ಎಂದರೆ, ಇಲ್ಲ, ಬರಲೇ ಇಲ್ಲ. ನಮ್ಮಲ್ಲಿ ಬಹುಪಾಲು ಜನ ಪ್ರತಿದಿನ ವಾಹನವನ್ನು ಆರಿಸುವುದಿಲ್ಲ. ಎಂದೋ ಒಮ್ಮೆ ಆರಿಸಿರುತ್ತೇವೆ, ಆಮೇಲೆ ಕೈಕಾಲು ಅದನ್ನು ನಡೆಸಿಕೊಂಡು ಹೋಗುತ್ತವೆ.

ಬಾಸ್ ಫರ್ಪ್ಲಾಂಕನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಜನರಿಗೆ ಒಂದು ಪ್ರಯಾಣವನ್ನು ವಿವರಿಸಿ, ತೀರ್ಮಾನಕ್ಕೆ ಮೊದಲು ಬೇಕಾದ ಮಾಹಿತಿ ಕೇಳಿಕೊಳ್ಳಿ ಎಂದರು. ಯಾವ ವಾಹನದ ಅಭ್ಯಾಸವೂ ಗಟ್ಟಿಯಾಗಿಲ್ಲದವರು ಹವಾಮಾನ, ದೂರ, ಹೊರುವ ಸಾಮಾನು ಎಲ್ಲ ವಿಚಾರಿಸಿದರು. ಅಭ್ಯಾಸ ಬಲಿತವರು ಕೇಳಿದ್ದು ತೀರ ಕಡಿಮೆ. ಮಾಹಿತಿ ಕೊಟ್ಟರೆ ಜನ ಬದಲಾಗುತ್ತಾರೆ ಎಂದು ನಂಬಿ ಫಲಕ ಬರೆಸುವವರೆಲ್ಲ ಈ ಫಲಿತಾಂಶವನ್ನು ಒಮ್ಮೆ ಓದಬೇಕು. ಅಭ್ಯಾಸ ಬಲಿತ ಮನಸ್ಸು ಆ ಫಲಕದ ಕಡೆ ತಿರುಗಿಯೂ ನೋಡುವುದಿಲ್ಲ.

ನೋಡದೆ ಉಳಿದರೆ ನಷ್ಟ ಇಷ್ಟೇ ಅಲ್ಲ, ಬಳಸದ ವಾಹನದ ಬಗ್ಗೆ ತಪ್ಪು ಚಿತ್ರವೂ ಬೆಳೆಯುತ್ತದೆ. ಜಪಾನಿನ ಒಸಾಕಾ ಬಳಿ ಒಂದು ಹೆದ್ದಾರಿಯನ್ನು ದುರಸ್ತಿಗೆಂದು 8 ದಿನ ಮುಚ್ಚಿದಾಗ ಸತೋಶಿ ಫುಜೀ ಮತ್ತು ಜೊತೆಗಾರರು ಕಾರಿನಲ್ಲಿ ಓಡಾಡುವವರನ್ನು ಮಾತಾಡಿಸಿದರು. ರೈಲು, ಬಸ್ಸಿನಲ್ಲಿ ಕಚೇರಿಗೆ ಹೋದರೆ ಎಷ್ಟು ಹೊತ್ತು ಬೇಕು ಎಂಬ ಅವರ ಅಂದಾಜು ವಾಸ್ತವಕ್ಕಿಂತ ಹೆಚ್ಚಿತ್ತು. ಬೇರೆ ದಾರಿಯಿಲ್ಲದೆ ಅವುಗಳಲ್ಲಿ ಹೋಗಿ ಬಂದವರಲ್ಲಿ ಆ ಅಂದಾಜು ಸರಿಹೋಯಿತು. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲಿನಲ್ಲಿ ಎರಡು ದಿನ ಮುಷ್ಕರವಾದಾಗಲೂ ಇಂಥದೇ ನಡೆಯಿತು. ಬೇರೆ ದಾರಿ ಹುಡುಕಿಕೊಂಡವರಲ್ಲಿ ಸುಮಾರು ಶೇಕಡಾ 5ರಷ್ಟು ಮಂದಿ ಮುಷ್ಕರ ಮುಗಿದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ. ವರ್ಷಗಟ್ಟಲೆ ದಿನವೂ ಓಡಾಡಿದ ಊರಿನಲ್ಲಿ ತಮಗೆ ಇದಕ್ಕಿಂತ ಒಳ್ಳೆಯ ದಾರಿಯಿತ್ತು ಎಂಬುದು ಅವರಿಗೆ ಆವರೆಗೆ ಗೊತ್ತೇ ಇರಲಿಲ್ಲ.

ಗೊಟ್ಟಿಗೆರೆಯವರಿಗೂ ಅಂಥ ಒಂದು ಧಕ್ಕೆ ಬಂದಿತ್ತು. ಮೆಟ್ರೊ ನಿಲ್ದಾಣಕ್ಕೆ ಜಾಗ ಮಾಡಲು 2020ರ ಜನವರಿಯಲ್ಲಿ ಜಯದೇವ ಫ್ಲೈಓವರ್ ಕೆಡವತೊಡಗಿದರು. ಬನ್ನೇರುಘಟ್ಟ ರಸ್ತೆಯಿಂದ ನಗರದೊಳಕ್ಕೆ ಹೋಗುವವರೆಲ್ಲ ದಾರಿಯನ್ನು ಹೊಸದಾಗಿ ಯೋಚಿಸಬೇಕಾಯಿತು. ಬದಲಾವಣೆಯನ್ನು ಅಳೆಯಲು ಅದೊಂದು ಅಪರೂಪದ ಅವಕಾಶವಾಗಿತ್ತು. ಆದರೆ ಎರಡೇ ತಿಂಗಳಲ್ಲಿ ಕೋವಿಡ್ ಬಂದು ರಸ್ತೆಗಳೇ ಖಾಲಿಯಾದವು. ಮತ್ತೆ ಓಡಾಟ ಶುರುವಾದಾಗ ಬಸ್ಸೆಂದರೆ ಸೋಂಕು, ಸ್ವಂತ ಗಾಡಿಯೆಂದರೆ ಸುರಕ್ಷೆ ಎಂಬ ಭಾವನೆ ಮನೆಮನೆಯಲ್ಲಿ ಕೂತಿತ್ತು.

ಈಗ ಬಸ್ ಸ್ಟಾಪಿಗೆ ಬರೋಣ. ಗೊಟ್ಟಿಗೆರೆಯಲ್ಲಿ ಬೆಳಗಿನ ಎಂಟೂವರೆಗೆ ಬಸ್ಸಿಗೆ ಕಾಯುವವರು ನೆರಳಿದ್ದರೂ ನೆರಳಿನಲ್ಲಿ ನಿಲ್ಲುವುದಿಲ್ಲ. ಅರ್ಧ ಹೆಜ್ಜೆ ರಸ್ತೆಗಿಳಿದು ಬನ್ನೇರುಘಟ್ಟದ ದಿಕ್ಕಿಗೆ ಕತ್ತು ಚಾಚಿ ನಿಲ್ಲುತ್ತಾರೆ. ಓಡಿ ಬಂದ ಹುಡುಗಿಯೊಬ್ಬಳು ಪಕ್ಕದಲ್ಲಿ ಊಟದ ಬ್ಯಾಗು ಹಿಡಿದು ನಿಂತ ಹೆಂಗಸನ್ನು ಕೇಳುತ್ತಾಳೆ:

"ಆಂಟಿ, ಮೆಜೆಸ್ಟಿಕ್ ಬಸ್ ಹೋಯ್ತಾ?"

"ಈಗ್ತಾನೇ ಒಂದು ಹೋಯ್ತಮ್ಮ."

"ಇನ್ನೊಂದು ಯಾವಾಗ ಬರುತ್ತೆ?"

"ಹೇಳಕ್ಕಾಗಲ್ಲ. ಒಂದೊಂದ್ಸಲ ಎರಡೂ ಒಟ್ಟಿಗೇ ಬಂದ್ಬಿಡ್ತವೆ."

ಆಕೆ ಹೇಳಿದ್ದರ ಹಿಂದೆ ಗಣಿತವಿದೆ. ಗೋರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರಿ ಪಾಟ್ಸ್ 1964ರಲ್ಲೇ ಇದನ್ನು ತೋರಿಸಿದ್ದರು. ಮುಂದಿನ ಬಸ್ಸು ಸಿಗ್ನಲ್ಲಿನಲ್ಲಿ ಸ್ವಲ್ಪ ತಡವಾದರೆ ಸ್ಟಾಪಿನಲ್ಲಿ ಜನ ಹೆಚ್ಚು ಸೇರುತ್ತಾರೆ. ಅವರನ್ನು ಹತ್ತಿಸಿಕೊಳ್ಳಲು ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಹತ್ತುವವರು ಕಡಿಮೆಯಾಗಿ ಅದು ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ಗಂಟೆಗೆ 6 ಬಸ್ಸು ಹತ್ತತ್ತು ನಿಮಿಷಕ್ಕೊಂದರಂತೆ ಬಂದರೆ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯಬೇಕು. ಅದೇ 6 ಬಸ್ಸು ಜೋಡಿಜೋಡಿಯಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಂದರೆ 10 ನಿಮಿಷ. ಡಿಪೊದ ದಾಖಲೆಯಲ್ಲಿ ಎರಡೂ ದಿನ ಒಂದೇ. ನಿಂತವರ ಕಾಲಿಗೆ ಮಾತ್ರ ಎರಡರಷ್ಟು ಕಾಯುವಿಕೆ.

ಮನಸ್ಸಿನಲ್ಲಿ ಅದು ಇನ್ನೂ ಉದ್ದವಾಗುತ್ತದೆ. ಸ್ಟಾಪಿನಲ್ಲಿ ಕಾಯುವ ಒಂದು ನಿಮಿಷವನ್ನು ಬಸ್ಸಿನೊಳಗಿನ ಒಂದೂವರೆಯಿಂದ ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುವುದು ಸಾರಿಗೆ ಯೋಜಕರಲ್ಲಿ ವಾಡಿಕೆ. ಗಾಡಿಯವರು ಸಿಗ್ನಲ್ಲಿನಲ್ಲಿ ನಿಂತಾಗ ಎಷ್ಟು ಸೆಕೆಂಡು ಎಂದು ಎದುರಿಗೇ ಅಂಕಿ ಕಾಣುತ್ತದೆ, ಕೈಯಲ್ಲಿ ಆಕ್ಸಿಲರೇಟರ್ ಇರುತ್ತದೆ. ಬಸ್ಸಿಗೆ ಕಾಯುವವರ ಕೈಯಲ್ಲಿ ಏನೂ ಇಲ್ಲ. ನನ್ನ ಮಟ್ಟಿಗೆ ಬಸ್ಸಿನ ಕುರಿತ ಬೇಸರದ ದೊಡ್ಡ ಪಾಲು ಈ ಅನಿಶ್ಚಿತತೆಯದು, ನೂಕುನುಗ್ಗಲಿನದು ಆಮೇಲೆ. ಅಮೆರಿಕದ ಸಿಯಾಟಲ್‌ನಲ್ಲಿ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಲ್ಲವರನ್ನೂ ನೋಡಲಾಗದವರನ್ನೂ ಹೋಲಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನೋಡಬಲ್ಲವರಿಗೆ ಕಾದದ್ದು ಕಾದಷ್ಟೇ ಅನ್ನಿಸಿತ್ತು. ಉಳಿದವರಿಗೆ ಕಾದದ್ದಕ್ಕಿಂತ ಹೆಚ್ಚು ಕಾದಂತೆ ಅನ್ನಿಸಿತ್ತು. ನಮ್ಮ ಬಿಎಂಟಿಸಿ ಕೂಡ 2023ರಲ್ಲಿ ಬಸ್ಸಿನ ಜಾಡು ತೋರಿಸುವ ಆ್ಯಪ್ ತಂದಿತು. ಆದರೆ ಇಂಥ ಆ್ಯಪಿಗೆ ಬೆಲೆ ಇರುವುದು ಅದು ತೋರಿಸಿದ ಬಸ್ಸು ನಿಜವಾಗಿ ಬಂದಾಗ ಮಾತ್ರ. ಒಮ್ಮೆ ಹುಸಿಯಾದರೆ ಮರುದಿನ ನೋಡುವವರಿಲ್ಲ.

ಹಣದ ವಿಚಾರದಲ್ಲೂ ಮನಸ್ಸಿನ ಲೆಕ್ಕ ಬೇರೆಯೇ. ಬಸ್ಸಿನಲ್ಲಿ ಪ್ರತಿ ಸಲ ಕಂಡಕ್ಟರ್ ಎದುರು ನಿಲ್ಲುತ್ತಾರೆ, ಪ್ರತಿ ಸಲ ಕೈ ಜೇಬಿಗೆ ಹೋಗುತ್ತದೆ. ಗಾಡಿಯ ಖರ್ಚು ಹಾಗೆ ಎದುರು ಬಂದು ನಿಲ್ಲುವುದಿಲ್ಲ. ಸಾಲದ ಕಂತು ತಿಂಗಳ ಮೊದಲಲ್ಲೇ ಬ್ಯಾಂಕಿನಿಂದ ಹೋಗಿರುತ್ತದೆ, ವಿಮೆ ವರ್ಷಕ್ಕೊಮ್ಮೆ, ಟೈರು ಸವೆದಾಗ, ಸರ್ವೀಸು ನೆನಪಾದಾಗ. ಕಣ್ಣಿಗೆ ಬೀಳುವುದು ಪೆಟ್ರೋಲು ಒಂದೇ, ಅದೂ ವಾರಕ್ಕೊಮ್ಮೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜರ್ಮನಿಯ ಕಾರು ಮಾಲೀಕರನ್ನು ತಿಂಗಳಿಗೆ ಕಾರಿಗೆಷ್ಟು ಖರ್ಚು ಎಂದು ಸಂಶೋಧಕರು ಕೇಳಿದ್ದರು. ಇಂಧನದ ಖರ್ಚನ್ನು ಜನ ಸುಮಾರಾಗಿ ಸರಿಯಾಗಿಯೇ ಹೇಳಿದರು. ಒಟ್ಟು ಖರ್ಚಿನ ಅರ್ಧದಷ್ಟು ಮಾತ್ರ ಅವರ ಅಂದಾಜಿನಲ್ಲಿತ್ತು. ಲೆಕ್ಕದಲ್ಲಿ ಪಳಗಿದವರೂ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ, ಏಕೆಂದರೆ ಮನಸ್ಸು ಒಂದೊಂದು ಖರ್ಚಿಗೂ ಬೇರೆ ಬೇರೆ ಡಬ್ಬಿ ಇಟ್ಟುಕೊಂಡು, ಒಂದರದ್ದನ್ನು ಇನ್ನೊಂದಕ್ಕೆ ಕೂಡಿಸುವುದಿಲ್ಲ. ತಿಂಗಳ ಪಾಸಿನ ಬಲ ಇರುವುದೂ ಇಲ್ಲೇ. ಪಾಸಿದ್ದವರಿಗೆ ಬಸ್ಸೂ ಗಾಡಿಯ ಹಾಗೆ, ಆಗಲೇ ದುಡ್ಡು ಕಟ್ಟಿಯಾದ ವಸ್ತು.

ಬೆಲೆ ಸೊನ್ನೆಗೇ ಇಳಿದರೆ? 2007ರಲ್ಲಿ ಅಮೆರಿಕದಲ್ಲಿ ಕ್ರಿಸ್ಟಿನಾ ಶಂಪಾನಿಯೆ, ನೀನಾ ಮಜರ್, ಡ್ಯಾನ್ ಏರಿಯಲಿ ಎರಡು ಬಗೆಯ ಚಾಕೊಲೇಟು ಇಟ್ಟು ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಉತ್ತಮ ಚಾಕೊಲೇಟಿಗೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್ ಇದ್ದಾಗ ಹೆಚ್ಚಿನವರು ಉತ್ತಮವಾದದ್ದನ್ನೇ ಕೊಂಡರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿ ಸಾಧಾರಣದ್ದನ್ನು ಉಚಿತ ಮಾಡಿದ ಕೂಡಲೇ ಹೆಚ್ಚಿನವರು ಅದರ ಕಡೆ ವಾಲಿದರು. ಬೆಲೆಗಳ ಅಂತರ ಅಷ್ಟೇ ಇತ್ತು. ಸೊನ್ನೆಗೆ ತನ್ನದೇ ಸೆಳೆತವಿದೆ.

ಆ ಸೊನ್ನೆಯನ್ನು ಕರ್ನಾಟಕ ಬಹಳ ದೊಡ್ಡ ಪ್ರಮಾಣದಲ್ಲಿ ಕಂಡಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. 2025ರ ಜುಲೈಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಉಳಿತಾಯವಾದ ಹಣದ ಬಗ್ಗೆ ಎಲ್ಲರೂ ಮಾತಾಡಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಯಾಣದ ಆಕಾರವೇ ಬದಲಾದದ್ದು. ಟಿಕೆಟ್ಟಿಗೆ ದುಡ್ಡಿದ್ದಾಗ ಪ್ರತಿ ಸಲ ಇಳಿದು ಹತ್ತುವುದಕ್ಕೂ ದಂಡ ತೆತ್ತಂತಿತ್ತು. ಹಾಗಾಗಿ ಹುಳಿಮಾವಿನಲ್ಲಿ ಇಳಿದು ಔಷಧಿ ತೆಗೆದುಕೊಂಡು, ಅರಕೆರೆಯಲ್ಲಿ ಅಕ್ಕನ ಮನೆಗೆ ಹೋಗಿ, ಸಂಜೆ ತರಕಾರಿ ಹಿಡಿದು ಗೊಟ್ಟಿಗೆರೆಗೆ ಮರಳುವುದು ಮೂರು ಟಿಕೆಟ್ಟಿನ ಬಾಬತ್ತು. ಸೊನ್ನೆ ಬಂದ ಮೇಲೆ ಇಳಿಯುವುದಕ್ಕೂ ಹತ್ತುವುದಕ್ಕೂ ಲೆಕ್ಕವಿಲ್ಲ. ಮಗುವನ್ನು ಬಿಡುವುದು, ಆಸ್ಪತ್ರೆ, ಅಂಗಡಿ, ಕೆಲಸ ಎಂದು ತುಂಡುತುಂಡಾಗಿ ಓಡಾಡುವವರು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ. ಜೊತೆಗೆ, ಕೈಯಲ್ಲಿ ಸ್ವಂತ ಸಂಪಾದನೆ ಇಲ್ಲದ ಹೆಂಗಸು ಹೊರಗೆ ಹೊರಡಲು ಮನೆಯಲ್ಲಿ ಯಾರನ್ನಾದರೂ ದುಡ್ಡು ಕೇಳಬೇಕಿತ್ತು, ಎಲ್ಲಿಗೆ, ಏಕೆ ಎಂದು ಹೇಳಬೇಕಿತ್ತು. ಆ ಮಾತಿನ ಅಗತ್ಯವೇ ಹೋಯಿತು. ಶಕ್ತಿಯನ್ನು ಬರೀ ಹಣದ ಯೋಜನೆ ಎಂದು ಜರೆಯುವವರು ಈ ಭಾಗವನ್ನು ನೋಡುತ್ತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದರ ಏರಿಕೆಯ ಕಡೆಗೆ ನೋಡಿದರೆ, ಗಳಿಸಿದ್ದರ ಖುಷಿಗಿಂತ ಕಳೆದುಕೊಂಡದ್ದರ ನೋವು ದೊಡ್ಡದು ಎಂದು ಡೇನಿಯಲ್ ಕಾನ್ಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದ್ದರು. 2025ರ ಫೆಬ್ರವರಿ 9ರಂದು ನಮ್ಮ ಮೆಟ್ರೊ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ಆಯಿತು. ಮುಂದಿನ ದಿನಗಳಲ್ಲಿ ಪ್ರಯಾಣಿಕರು ಕಡಿಮೆಯಾದರು, ವಾರದೊಳಗೆ ಕೆಲವು ಕಡೆಯ ಏರಿಕೆಯನ್ನು ತಗ್ಗಿಸಬೇಕಾಯಿತು. ಎಷ್ಟೋ ಮಂದಿಗೆ ಹೊಸ ದರವೂ ಆಟೊಗಿಂತ ಅಗ್ಗವೇ ಇತ್ತು. ಆದರೆ ಅವರು ಹೋಲಿಸಿದ್ದು ಆಟೊ ದರಕ್ಕಲ್ಲ, ನಿನ್ನೆಯ ತಮ್ಮದೇ ಟಿಕೆಟ್ಟಿಗೆ. ಆದರೂ ಅದೇ ವರ್ಷದ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದಾಗ ಮೆಟ್ರೊದ ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು.

ಅಂತಸ್ತಿನ ಮಾತನ್ನೂ ಆಡಬೇಕು. ನೆದರ್ಲೆಂಡ್ಸಿನ ಲಿಂಡಾ ಸ್ಟೆಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಚೇರಿಗೆ ಕಾರಿನಲ್ಲಿ ಹೋಗುವುದಕ್ಕೆ ಅನುಕೂಲಕ್ಕಿಂತ ಹೆಚ್ಚಾಗಿ ಕಾರು ಕೊಡುವ ಖುಷಿ ಮತ್ತು ಅದು ಸೂಚಿಸುವ ಸ್ಥಾನಮಾನ ಕಾರಣ ಎಂದು ಕಂಡಿತು. ನಮ್ಮಲ್ಲಿ ಸಂಬಂಧ ನೋಡಲು ಬಂದವರು ಹುಡುಗನಿಗೆ ಗಾಡಿ ಇದೆಯಾ ಎಂದು ಕೇಳುವುದುಂಟು, ಯಾವ ಬಸ್ಸಿನಲ್ಲಿ ಓಡಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ.

ಆದರೆ ಕತ್ತಲಾದ ಮೇಲೆ ಗಾಡಿ ಬೇಕೆನ್ನುವುದನ್ನು ಅಂತಸ್ತಿನ ಲೆಕ್ಕಕ್ಕೆ ಹಾಕಬಾರದು. ರಾತ್ರಿ ಒಂಬತ್ತಕ್ಕೆ ಮುಖ್ಯರಸ್ತೆಯಲ್ಲಿ ಬಸ್ಸಿಳಿದ ಹೆಣ್ಣುಮಗಳು ಬಡಾವಣೆಯೊಳಗಿನ ಮನೆ ಮುಟ್ಟಲು ದೀಪವಿಲ್ಲದ, ಫುಟ್‌ಪಾತಿಲ್ಲದ ಅಡ್ಡರಸ್ತೆಯಲ್ಲಿ ನಡೆಯಬೇಕು. ಆ ಐನೂರು ಮೀಟರ್ ಇಡೀ ಪ್ರಯಾಣವನ್ನು ತೀರ್ಮಾನಿಸುತ್ತದೆ. ಸಂಜೆ ಹಾಗೆ ಬರಲಾಗದು ಎಂದರೆ ಬೆಳಗ್ಗೆಯೇ ಸ್ಕೂಟರ್ ತೆಗೆಯಬೇಕು. ಒಳಗಿನ ರಸ್ತೆಯ ಒಂದು ಬೀದಿದೀಪ ಕೆಟ್ಟರೆ ಮುಖ್ಯರಸ್ತೆಯ ಬಸ್ಸಿಗೆ ಒಬ್ಬ ಪ್ರಯಾಣಿಕಳು ಕಡಿಮೆ.

ಇಷ್ಟೆಲ್ಲ ಇದ್ದಾಗ ಬದಲಾಯಿಸುವುದು ಸಾಧ್ಯವೇ? ಗೊಟ್ಟಿಗೆರೆಗೆ ದೂರವಲ್ಲದ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಒಂದು ಉತ್ತರ ಸಿಕ್ಕಿದೆ. 2008ರ ಅಕ್ಟೋಬರಿನಿಂದ ಸುಮಾರು ಆರು ತಿಂಗಳು ಇನ್ಫೊಸಿಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಅವರ ತಂಡ ಒಂದು ಪ್ರಯೋಗ ನಡೆಸಿದವು. ಸುಮಾರು 14,000 ನೌಕರರು ಅದರ ವ್ಯಾಪ್ತಿಯಲ್ಲಿದ್ದರು. ದಟ್ಟಣೆಗೆ ಮೊದಲೇ ಕಚೇರಿ ತಲುಪಿದವರಿಗೆ ಅಂಕ, ಅಂಕ ಕೂಡಿಸಿದವರಿಗೆ ವಾರಕ್ಕೊಮ್ಮೆ ಲಾಟರಿಯಲ್ಲಿ ಹಣ. ದಟ್ಟಣೆಗೆ ಮೊದಲು ಬರುವವರ ಸಂಖ್ಯೆ ಸುಮಾರು ಇಮ್ಮಡಿಯಾಯಿತು, ಬಸ್ಸಿನಲ್ಲಿ ಬರುವವರ ಸರಾಸರಿ ಪ್ರಯಾಣ ಕಾಲು ಗಂಟೆಯಷ್ಟು ಕಡಿಮೆಯಾಯಿತು. ಅದೇ ಮೊತ್ತವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ಒಬ್ಬೊಬ್ಬರ ಪಾಲಿಗೆ ಚಿಲ್ಲರೆ ಬರುತ್ತಿತ್ತು. ಸಣ್ಣ ಸಾಧ್ಯತೆಯನ್ನು ಮನಸ್ಸು ದೊಡ್ಡದಾಗಿ ಕಾಣುತ್ತದೆ ಎಂಬ ಕಾನ್ಮನ್–ಟ್ವೆರ್ಸ್ಕಿ ಮಾತು ಇಲ್ಲಿ ನೆರವಿಗೆ ಬಂತು. ಇದು ನಮ್ಮ ಊರಿನ ರಸ್ತೆಯಲ್ಲೇ ನಡೆದ ವಿಜ್ಞಾನ, ಆದರೂ ನಮ್ಮ ಸಂಚಾರದ ಚರ್ಚೆಗಳಲ್ಲಿ ಇದರ ಹೆಸರು ಬರುವುದು ಅಪರೂಪ ಎಂಬುದು ನನಗೆ ನೋವಿನ ಸಂಗತಿ.

ಇನ್ನೊಂದು ದಾರಿ ಸರಿಯಾದ ಗಳಿಗೆಯನ್ನು ಹಿಡಿಯುವುದು. ಇಂಗ್ಲೆಂಡಿನ ಪೀಟರ್‌ಬರೊದಲ್ಲಿ 800 ಜನರನ್ನು ಆಯ್ದು ಫರ್ಪ್ಲಾಂಕನ್ ಮತ್ತು ಡೆಬೋರಾ ರಾಯ್ ಇನ್ನೊಂದು ಅಧ್ಯಯನ ನಡೆಸಿದರು, 2016ರಲ್ಲಿ ಪ್ರಕಟಿಸಿದರು. ಅರ್ಧ ಜನ ಆಗಷ್ಟೇ ಮನೆ ಬದಲಿಸಿದವರು. ಪರಿಸರಕ್ಕೆ ಒಳ್ಳೆಯದಾದ ಅಭ್ಯಾಸಗಳಿಗೆ ಒತ್ತು ಕೊಟ್ಟಾಗ ಹೆಚ್ಚು ಬದಲಾದವರು ಹೊಸ ಮನೆಯವರೇ. ಆ ಕಿಟಕಿ ತೆರೆದಿದ್ದದ್ದು ಸ್ಥಳಾಂತರದ ನಂತರ ಸುಮಾರು ಮೂರು ತಿಂಗಳು. ಹಳೆಯ ಮೊಳೆ, ಹಳೆಯ ಕೀ ಗೊಂಚಲು, ಹಳೆಯ ದಾರಿ ಇಲ್ಲದಾಗ ಮನಸ್ಸು ಮತ್ತೆ ವಿಚಾರಿಸತೊಡಗುತ್ತದೆ.

ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಜನ ಬಂದು ಹೋಗುವ ಗೊಟ್ಟಿಗೆರೆಯಂಥ ಬಡಾವಣೆಯಲ್ಲಿ ಆ ಕಿಟಕಿ ಪ್ರತಿ ತಿಂಗಳೂ ಯಾವುದೋ ಮನೆಯಲ್ಲಿ ತೆರೆಯುತ್ತಿರುತ್ತದೆ. ಇಡೀ ಊರಿಗೇ ಒಟ್ಟಿಗೆ ತೆರೆಯುವುದು ಮೆಟ್ರೊದ ಗುಲಾಬಿ ಮಾರ್ಗದಿಂದ. ಯೋಜನೆಯಲ್ಲಿ ಅದು ಗೊಟ್ಟಿಗೆರೆ–ನಾಗವಾರ ಎಂದೇ ಹೆಸರಾಗಿತ್ತು. ಈಗ ದಕ್ಷಿಣ ತುದಿಯ ನಿಲ್ದಾಣ ಕಾಳೇನ ಅಗ್ರಹಾರ. ಒಟ್ಟು 21 ಕಿಲೋಮೀಟರ್, 18 ನಿಲ್ದಾಣ. ಕಾಳೇನ ಅಗ್ರಹಾರದಿಂದ ತಾವರೆಕೆರೆಯವರೆಗೆ ಏಳೂವರೆ ಕಿಲೋಮೀಟರ್ ರಸ್ತೆಯ ಮೇಲೆ, ಅಲ್ಲಿಂದ ಮುಂದೆ ನೆಲದಡಿ. ಜಯದೇವದಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು.

ರೈಲು ಓಡಲು ಶುರುವಾದ ಮೊದಲ ಮೂರು ತಿಂಗಳಲ್ಲಿ ಗೊಟ್ಟಿಗೆರೆ, ಬಸವನಪುರ, ಕೊತ್ತನೂರು, ಅಂಜನಾಪುರದವರು ಒಮ್ಮೆ ಪ್ರಯತ್ನಿಸಿ ನೋಡುತ್ತಾರೆ. ಆ ದಿನ ನಿಲ್ದಾಣಕ್ಕೆ ಬಸ್ಸಿಲ್ಲದಿದ್ದರೆ, ಬರುವ ಬಸ್ಸಿಗೆ ಹೊತ್ತು ಗೊತ್ತಿಲ್ಲದಿದ್ದರೆ, ನಡೆಯಲು ಫುಟ್‌ಪಾತಿಲ್ಲದಿದ್ದರೆ, ಅವರು ಮರುವಾರ ಹೆಲ್ಮೆಟ್ಟಿಗೇ ಕೈ ಹಾಕುತ್ತಾರೆ. ಆರು ತಿಂಗಳ ಮೇಲೆ ಸಂಪರ್ಕ ಬಸ್ಸು ಬಿಟ್ಟರೆ ನೋಡಲು ಯಾರೂ ಇರುವುದಿಲ್ಲ. ಆದ್ದರಿಂದ ಬಿಎಂಟಿಸಿಗೂ ನಗರಾಡಳಿತಕ್ಕೂ ಕೇಳಬೇಕಾದದ್ದು ಇದೊಂದನ್ನೇ: ಸಂಪರ್ಕ ಬಸ್ಸು, ಫುಟ್‌ಪಾತು, ಬೀದಿದೀಪ ಮೂರೂ ರೈಲಿನ ಮೊದಲ ದಿನಕ್ಕೇ ಸಿದ್ಧವಿರಲಿ.

ಓದುಗರಾದ ನಿಮ್ಮಲ್ಲೂ ಒಂದು ಕೋರಿಕೆ. ಹೊಸ ಮನೆಗೋ ಹೊಸ ಕೆಲಸಕ್ಕೋ ಸೇರಿದ್ದರೆ, ಶೋರೂಮಿನಲ್ಲಿ ಗಾಡಿಗೆ ಮುಂಗಡ ಕೊಡುವ ಮೊದಲು ಒಂದು ತಿಂಗಳ ಪಾಸು ತೆಗೆಯಿರಿ. ಕ್ಯೋಟೊದಲ್ಲಿ ಫುಜೀ ಮತ್ತು ರ್‍ಯೂಯಿಚಿ ಕಿತಾಮುರ ಕಾರು ಓಡಿಸುವ ವಿದ್ಯಾರ್ಥಿಗಳಿಗೆ ಒಂದು ತಿಂಗಳ ಬಸ್ ಟಿಕೆಟ್ ಪುಕ್ಕಟೆ ಕೊಟ್ಟು ನೋಡಿದ್ದರು. ಟಿಕೆಟ್ಟಿನ ಅವಧಿ ಮುಗಿದು ತಿಂಗಳಾದ ಮೇಲೂ ಆ ವಿದ್ಯಾರ್ಥಿಗಳು ಮೊದಲಿಗಿಂತ ಹೆಚ್ಚು ಬಸ್ಸು ಹತ್ತುತ್ತಿದ್ದರು.